ಭುವನಗಿರಿ: ಕೆಳದಿ ಅರಸರ ಕಾಡಿನ ಕೋಟೆ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಿಂದ ಪಶ್ಚಿಮಕ್ಕೆ ಸುಮಾರು 18 ಕಿಲೋಮೀಟರ್ ದೂರದಲ್ಲಿ, ಘಟ್ಟದ ಅಂಚಿಗೆ ಸಮೀಪವಾಗಿ, ದಟ್ಟ ಕಾಡಿನ ನಡುವೆ ಎದ್ದು ನಿಂತ ಬೆಟ್ಟವೊಂದರ ನೆತ್ತಿಯನ್ನು ಸುತ್ತುವರಿದು ಕಟ್ಟಿದ ಕಲ್ಲಿನ ಕೋಟೆಯೊಂದಿದೆ. ಕೆಳದಿ ಅರಸರ ಕಾಲದ ಬರಹಗಳಲ್ಲಿ ಭುವನಗಿರಿ ದುರ್ಗವೆಂದು ಹೆಸರಾದ ಈ ಕೋಟೆಯನ್ನು ಜನ ಕವಲೇದುರ್ಗವೆಂದು ಕರೆಯುತ್ತಾರೆ. ಕರ್ನಾಟಕದ ಕೋಟೆಗಳ ಮಾತು ಬಂದಾಗ ಚಿತ್ರದುರ್ಗಕ್ಕೋ ಶ್ರೀರಂಗಪಟ್ಟಣಕ್ಕೋ ದೊರೆಯುವ ಗಮನ ಇದಕ್ಕೆ ದೊರೆತಿಲ್ಲ. ಅದಕ್ಕೆ ಕಾರಣವೂ ಉಂಟು. ಇಲ್ಲಿ ಯಾವ ವಿಜಯೋತ್ಸವವೂ ನಡೆದಂತೆ ಕಾಣುವುದಿಲ್ಲ, ನಡೆದದ್ದೆಲ್ಲ ಹಿಮ್ಮೆಟ್ಟಿ ಬಂದವರ ಆಶ್ರಯದ ಕಥೆ. ಆದರೆ ಇಕ್ಕೇರಿಯಾಗಲಿ ಬಿದನೂರಾಗಲಿ ಅಪಾಯಕ್ಕೆ ಸಿಲುಕಿದಾಗಲೆಲ್ಲ ಕೆಳದಿ ರಾಜ್ಯ ಅಳಿಯದೆ ಉಳಿದದ್ದು ಈ ಬೆಟ್ಟದ ಬಲದಿಂದ ಎಂಬುದನ್ನು ಗಮನಿಸಿದರೆ, ರಾಜಧಾನಿಗಳಿಗಿಂತ ಈ ಆಸರೆಯ ಕೋಟೆಯೇ ಆ ರಾಜ್ಯದ ಆಯುಸ್ಸನ್ನು ಹೆಚ್ಚು ನಿರ್ಧರಿಸಿತು ಎಂದು ಹೇಳಬೇಕಾಗುತ್ತದೆ.

ಕೋಟೆಯ ಮೂಲವನ್ನು 9ನೇ ಶತಮಾನಕ್ಕೆ ಒಯ್ಯುವ ಸ್ಥಳೀಯ ಪರಂಪರೆಯೊಂದಿದೆ. ಬೆಟ್ಟದ ಮೇಲೆ ಅಷ್ಟು ಹಳೆಯ ನೆಲೆಯೊಂದು ಇದ್ದಿರಬಾರದೆಂದೇನೂ ಇಲ್ಲ. ಆದರೆ ಇಂದು ಕಣ್ಣಿಗೆ ಕಾಣುವ ಗೋಡೆ, ಬಾಗಿಲು, ಅರಮನೆಯ ಜಗಲಿ ಮತ್ತು ಗುಡಿಗಳ ಬಹುಭಾಗ ಕೆಳದಿ ನಾಯಕರ ಕಾಲದ್ದು, ಅದರಲ್ಲೂ ಹಿರಿಯ ವೆಂಕಟಪ್ಪ ನಾಯಕನ ಕಾಲದ್ದು. 1500ರ ಆಸುಪಾಸಿನಲ್ಲಿ ಚೌಡಪ್ಪ ನಾಯಕನಿಂದ ಮೊದಲಾದ ಈ ಮನೆತನ ಸದಾಶಿವ ನಾಯಕನ ಕಾಲಕ್ಕೆ ವಿಜಯನಗರದ ನೆಚ್ಚಿನ ಸಾಮಂತ ಮನೆತನವಾಗಿ ಬೆಳೆದು, ಕೆಳದಿಯಿಂದ ಹತ್ತಿರದ ಇಕ್ಕೇರಿಗೆ ರಾಜಧಾನಿಯನ್ನು ಸಾಗಿಸಿಕೊಂಡಿತು. 1565ರ ಯುದ್ಧದಲ್ಲಿ ವಿಜಯನಗರದ ಬೆನ್ನೆಲುಬು ಮುರಿದ ಮೇಲೆ ನಾಯಕರು ಹೆಸರಿಗೆ ಸಾಮಂತರಾಗಿದ್ದರೂ ನಡೆಯಲ್ಲಿ ಸ್ವತಂತ್ರರಾದರು. 16ನೇ ಶತಮಾನದ ಕೊನೆಯ ದಶಕಗಳಿಂದ 1629ರವರೆಗೆ ಆಳಿದ ವೆಂಕಟಪ್ಪ ನಾಯಕ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ರಾಜ್ಯವನ್ನು ಗೆದ್ದು, ಕರಾವಳಿಯ ಮೆಣಸಿನ ವ್ಯಾಪಾರದ ಮೇಲೆ ಹಿಡಿತ ಸಾಧಿಸಿ, ಆ ಹಣದಿಂದ ಮಲೆನಾಡಿನಲ್ಲಿ ಕೋಟೆ, ಮಠ ಮತ್ತು ಅಗ್ರಹಾರಗಳನ್ನು ಕಟ್ಟಿಸಿದನು. ಭುವನಗಿರಿಯ ಅರಮನೆ, ಖಜಾನೆ, ಕಣಜ, ಆನೆ ಕುದುರೆಗಳ ಲಾಯ ಮತ್ತು ಕೊಳಗಳನ್ನು ಪರಂಪರೆ ಇವನ ಹೆಸರಿಗೇ ಸೇರಿಸುತ್ತದೆ. ಬೆಟ್ಟದ ಮೇಲೆ ಊರೊಂದು ನೆಲೆಗೊಳ್ಳಲು ಬೇಕಾದದ್ದೆಲ್ಲ ಈ ಪಟ್ಟಿಯಲ್ಲಿದೆ ಎಂಬುದು ಗಮನಾರ್ಹ.

ಪ್ರಾಚೀನ ರಾಜನೀತಿ ಗ್ರಂಥಗಳು ದುರ್ಗಗಳನ್ನು ಅವುಗಳ ಸಹಜ ರಕ್ಷಣೆಯ ಆಧಾರದ ಮೇಲೆ ವಿಂಗಡಿಸುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೀರಿನಿಂದ ಸುತ್ತುವರಿದದ್ದು, ಬೆಟ್ಟದ ಮೇಲಿನದು, ಮರುಭೂಮಿಯಲ್ಲಿನದು, ಕಾಡಿನ ನಡುವಿನದು ಎಂದು ನಾಲ್ಕು ಬಗೆಗಳು ಬರುತ್ತವೆ. ಬಯಲುಸೀಮೆಯ ಬೆಟ್ಟದ ಕೋಟೆಗಳಿಗೆ ಗಿರಿದುರ್ಗವೆಂಬ ಒಂದೇ ಹೆಸರು ಸಾಕು. ಬೋಳು ಬಂಡೆಯ ಏರು ಮತ್ತು ದೂರದವರೆಗೆ ಚಾಚುವ ನೋಟ ಅವುಗಳ ಶಕ್ತಿ. ಭುವನಗಿರಿಯಾದರೋ ಗಿರಿದುರ್ಗವೂ ಹೌದು, ವನದುರ್ಗವೂ ಹೌದು. ಇಲ್ಲಿ ಶತ್ರು ಕೋಟೆಯ ಬುಡಕ್ಕೆ ಬರುವ ಮೊದಲೇ ಕಾಡಿನೊಡನೆ ಹೋರಾಡಬೇಕು. ಮಲೆನಾಡಿನಲ್ಲಿ ಕಾನು ಎಂದು ಕರೆಯುವ ನಿತ್ಯಹಸಿರಿನ ದಟ್ಟ ಕಾಡಿನಲ್ಲಿ ಕುದುರೆ ಸವಾರರ ದಂಡು ಸಾಲಾಗಿ ಮಾತ್ರ ಸಾಗಬಲ್ಲದು, ಫಿರಂಗಿಯ ಗಾಡಿ ಮಳೆಗಾಲದಲ್ಲಿ ಒಂದು ಹೆಜ್ಜೆಯೂ ಸರಿಯಲಾರದು, ಮತ್ತು ಮಲೆನಾಡಿನ ಮಳೆಗಾಲ ವರ್ಷದ ನಾಲ್ಕೈದು ತಿಂಗಳನ್ನು ನುಂಗುತ್ತದೆ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ಬೀಳುವ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಬಿಜಾಪುರದ ಬಯಲಿನಿಂದ ಬಂದ ಸೈನ್ಯಕ್ಕೆ ಮುತ್ತಿಗೆಯ ಅವಧಿಯನ್ನು ಗೊತ್ತುಪಡಿಸುತ್ತಿದ್ದುದು ಸೇನಾಪತಿಗಿಂತ ಹೆಚ್ಚಾಗಿ ಮುಂಗಾರು.

ಕೆಳದಿ ಅರಸರು ಕಾಡನ್ನು ಬುದ್ಧಿಪೂರ್ವಕವಾಗಿಯೇ ರಕ್ಷಣೆಯ ಭಾಗವಾಗಿ ಉಳಿಸಿಕೊಂಡಿದ್ದರು ಎಂಬುದಕ್ಕೆ ಹೊರಗಿನವರ ಸಾಕ್ಷ್ಯವಿದೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ, ಆ ರಾಜಧಾನಿಗೆ ಮೂರು ಸುತ್ತಿನ ಆವರಣವಿದ್ದರೂ ಹೊರಗಿನ ಸುತ್ತುಗಳು ಕಲ್ಲಿನ ಗೋಡೆಗಳಾಗಿರದೆ ಒತ್ತೊತ್ತಾಗಿ ಬೆಳೆಸಿದ ಬಿದಿರಿನ ಬೇಲಿಗಳಾಗಿದ್ದುವೆಂದು ಬರೆದಿದ್ದಾನೆ. ಕಲ್ಲಿನ ಕೋಟೆಗಳ ನಾಡಿನಿಂದ ಬಂದ ಅವನಿಗೆ ಅದು ದುರ್ಬಲವೆನಿಸಿತು. ಬಿದಿರುಮೆಳೆಯೊಳಗೆ ನುಗ್ಗಲು ಒಮ್ಮೆ ಯತ್ನಿಸಿದ ಯಾವ ಮಲೆನಾಡಿಗನಿಗೂ ಹಾಗೆ ಅನಿಸಲಾರದು. ಇದರ ಜೊತೆಗೆ ದಾರಿಗಳು ಕಾಡನ್ನು ಹೊಗುವ ಮತ್ತು ಕಣಿವೆಯನ್ನು ದಾಟುವ ಕಡೆಗಳಲ್ಲಿ ಉಕ್ಕಡಗಳು, ಎಂದರೆ ಕಾವಲುಗಾರರು ನಿಂತು ಬಂದವರನ್ನು ತಡೆದು ವಿಚಾರಿಸುವ ಠಾಣೆಗಳು, ಇರುತ್ತಿದ್ದವು. ಸುಂಕ ವಸೂಲಿ ಮಾಡುವುದು ಮತ್ತು ಶತ್ರುವಿನ ಸುಳಿವು ಕೊಡುವುದು ಈ ಎರಡೂ ಅವುಗಳಿಂದಲೇ ನಡೆಯುತ್ತಿದ್ದುದರಿಂದ, ಘಟ್ಟದ ಕೆಳಗಿನ ಬಸ್ರೂರು, ಕುಂದಾಪುರಗಳ ಕಡೆಯಿಂದ ಮೇಲೇರುವ ದಾರಿಗಳ ಸಮೀಪದಲ್ಲಿದ್ದ ಭುವನಗಿರಿ ವ್ಯಾಪಾರ ಮತ್ತು ಸೈನ್ಯ ಎರಡರ ದೃಷ್ಟಿಯಿಂದಲೂ ಆಯಕಟ್ಟಿನ ಜಾಗವಾಯಿತು.

ಇಂದು ಕೋಟೆಗೆ ಹೋಗುವ ದಾರಿ ಬೆಟ್ಟದ ಬುಡದ ಹಳ್ಳಿಯ ಗದ್ದೆಗಳ ನಡುವೆ ಹಾದು, ತಿಮ್ಮಣ್ಣನಾಯಕನ ಕೆರೆಯನ್ನು ಬದಿಗಿಟ್ಟು, ಹಾಸುಗಲ್ಲು ಹೊದಿಸಿದ ಏರುದಾರಿಯಾಗಿ ಕಾಡನ್ನು ಹೊಗುತ್ತದೆ. ಕಾಲಿಗೆ ಸಿಗುವ ಈ ಹಾಸುಗಲ್ಲುಗಳು ಅಲಂಕಾರಕ್ಕೆ ಹಾಕಿದವುಗಳಲ್ಲ. ಹೊರೆ ಹೊತ್ತ ಎತ್ತುಗಳೂ ಆನೆಗಳೂ ಮಳೆಗಾಲದ ಜಾರಿಕೆಯಲ್ಲಿ ಹತ್ತಬೇಕಾಗಿದ್ದ ದಾರಿ ಅದು. ಬೆಟ್ಟದ ಮೈಯ ಏರಿಳಿತವನ್ನೇ ಅನುಸರಿಸಿ ಒಂದರ ಮೇಲೊಂದು ಸುತ್ತುವ ಗೋಡೆಗಳನ್ನು ದೊಡ್ಡ ಕಣಶಿಲೆಯ ದಿಮ್ಮಿಗಳನ್ನು ಒಂದಕ್ಕೊಂದು ಬಿಗಿಯಾಗಿ ಕೂಡಿಸಿ ಕಟ್ಟಲಾಗಿದೆ. ಪ್ರತಿ ಸುತ್ತಿಗೂ ಒಂದು ಹೆಬ್ಬಾಗಿಲು, ಅದರ ಒಳಬದಿಯಲ್ಲಿ ಎಡಬಲಕ್ಕೆ ಕಾವಲಿನವರು ಕೂರುವ ಕಟ್ಟೆಗಳು ಮತ್ತು ಕೋಣೆಗಳು ಇವೆ. ಒಂದು ಬಾಗಿಲನ್ನು ಒಡೆದವನು ಮುಂದಿನ ಬಾಗಿಲಿಗೆ ನೇರವಾಗಿ ಓಡಲಾಗದಂತೆ ದಾರಿಯನ್ನು ತಿರುಗಿಸಿ, ಆ ತಿರುವಿನುದ್ದಕ್ಕೂ ಅವನು ಮೇಲಿನ ಗೋಡೆಯವರ ಕಣ್ಣಳತೆಯಲ್ಲಿಯೇ ಇರುವಂತೆ ಮಾಡುವುದು ದಕ್ಷಿಣದ ಬೆಟ್ಟದ ಕೋಟೆಗಳ ಸಾಮಾನ್ಯ ಕ್ರಮ. ಇಲ್ಲಿ ಅದನ್ನು ಕಡಿದಾದ ಇಳಿಜಾರಿನ ನೆರವಿನಿಂದ ಸಾಧಿಸಲಾಗಿದೆ.

ಮೇಲಿನ ಸಮತಟ್ಟಿನಲ್ಲಿ ಪುರಾತತ್ವ ಇಲಾಖೆಯ ಉತ್ಖನನದಿಂದ ಬಯಲಿಗೆ ಬಂದ ಅರಮನೆಯ ಅವಶೇಷಗಳಿವೆ, ಮತ್ತು ಕೋಟೆಯ ಅತ್ಯಂತ ಬೆಲೆಯುಳ್ಳ ಭಾಗ ಇದೇ. ಪೂರ್ವಕ್ಕೆ ಮುಖ ಮಾಡಿದ ಈ ಕಟ್ಟಡದಲ್ಲಿ ಕಂಬಗಳ ಮೊಗಸಾಲೆ, ವಾಸದ ಕೋಣೆಗಳು, ಪೂಜೆಯ ಜಾಗ, ನಡುವೆ ತೆರೆದ ಅಂಗಳ, ಮೆಟ್ಟಿಲುಗಳಿರುವ ಕೊಳ, ಬಚ್ಚಲುಮನೆ ಮತ್ತು ಅಡಿಗೆಮನೆಗಳ ತಳವಿನ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಉಳಿದಿರುವುದು ಕಲ್ಲಿನ ಜಗಲಿಗಳು, ಮೆಟ್ಟಿಲುಗಳು, ಕಂಬ ನಿಲ್ಲಿಸುತ್ತಿದ್ದ ಪೀಠಗಲ್ಲುಗಳು ಮಾತ್ರ. ಮೇಲಿನ ಕಂಬ, ತೊಲೆ, ಮಾಡು ಒಂದೂ ಇಲ್ಲ. ಅದರಿಂದ ಅರಮನೆಯನ್ನು ಶತ್ರುಗಳು ನೆಲಸಮ ಮಾಡಿದರೆಂದು ಊಹಿಸುವ ಅಗತ್ಯವಿಲ್ಲ. ಮಲೆನಾಡಿನ ಮನೆ, ಅದು ಒಕ್ಕಲಿನದಾಗಲಿ ಅರಸಿನದಾಗಲಿ, ಕಲ್ಲಿನ ತಳದ ಮೇಲೆ ಮರ ಮತ್ತು ಮಣ್ಣಿನಿಂದ ಏಳುವಂಥದು. ವರ್ಷಕ್ಕೊಮ್ಮೆ ಮಾಡನ್ನು ಸರಿಪಡಿಸುವ ಕೈಗಳು ಇಲ್ಲವಾದರೆ ಅಂಥ ಕಟ್ಟಡ ಈ ಮಳೆಯಲ್ಲಿ ಕೆಲವೇ ದಶಕಗಳಲ್ಲಿ ಕುಸಿದು, ಮರ ಗೆದ್ದಲಿಗೆ ಆಹಾರವಾಗಿ, ಮಣ್ಣು ಮಣ್ಣಿಗೇ ಸೇರುತ್ತದೆ. ಕಲ್ಲಿನ ತಳ ಮಾತ್ರ ಹೂತು ಉಳಿಯುತ್ತದೆ.

ಅಡಿಗೆಮನೆಯಲ್ಲಿರುವ ಕಲ್ಲಿನ ಒಲೆ ನೋಡುವವರ ಕಣ್ಣನ್ನು ಬೇಗ ಸೆಳೆಯುತ್ತದೆ. ಕಣಶಿಲೆಯಲ್ಲಿ ಮಾಡಿದ ಈ ಒಲೆಯ ಮೇಲೆ ಏಕಕಾಲಕ್ಕೆ ಐದು ಪಾತ್ರೆಗಳನ್ನು ಇಡಬಹುದು; ಒಂದು ಕಡೆಯ ಬೆಂಕಿಯ ಕಾವು ಉಳಿದ ಬಾಯಿಗಳಿಗೂ ಹಂಚಿಕೆಯಾಗುವ ಇದೇ ಬಗೆಯ ಏರ್ಪಾಡು ಮಲೆನಾಡಿನ ಹಳೆಯ ಮನೆಗಳ ಕೋಡೊಲೆಗಳಲ್ಲಿ ಇತ್ತೀಚಿನವರೆಗೂ ಇತ್ತು. ಅದರ ಪಕ್ಕದಲ್ಲಿ ಕೆಲಸಕ್ಕೆ ಬೇಕಾದ ಕಲ್ಲಿನ ಕಟ್ಟೆಯಿದೆ, ನೀರು ಒಳಗೆ ಬರಲು ಮತ್ತು ಬಳಸಿದ ನೀರು ಹೊರಗೆ ಹರಿಯಲು ಕೊರೆದ ಕಾಲುವೆಗಳಿವೆ. ಬೆಟ್ಟದ ಮೇಲಿನ ಕೋಟೆಗೆ ಗೋಡೆಗಿಂತ ದೊಡ್ಡ ಚಿಂತೆ ನೀರು. ಮಳೆ ಹೇರಳವಾಗಿ ಸುರಿದರೂ ಇಳಿಜಾರಿನಲ್ಲಿ ಅದು ಗಂಟೆಗಳಲ್ಲಿ ಕೆಳಗಿಳಿದು ಹೋಗುತ್ತದೆ, ಮುತ್ತಿಗೆಗಳು ನಡೆಯುವುದು ಮಳೆಯಿಲ್ಲದ ತಿಂಗಳುಗಳಲ್ಲಿ. ಆದ್ದರಿಂದ ಬೇರೆ ಬೇರೆ ಎತ್ತರಗಳಲ್ಲಿ ಕೊಳಗಳನ್ನು ತೋಡಿ, ಮೇಲಿನಿಂದ ಹರಿದ ನೀರು ಕೆಳಗಿನದರಲ್ಲಿ ನಿಲ್ಲುವಂತೆ ಮಾಡಲಾಗಿದೆ. ಗೋಡೆ ಕಟ್ಟಿದ ಒಡ್ಡರಷ್ಟೇ ಮನ್ನಣೆ ಈ ನೀರಿನ ಕೆಲಸದವರಿಗೂ ಸಲ್ಲಬೇಕು. ಕೋಟೆಯ ವರ್ಣನೆಗಳಲ್ಲಿ ಅವರ ಮಾತು ಬರುವುದೇ ಅಪರೂಪ.

ಬೆಟ್ಟದ ಮೇಲಿನ ಗುಡಿಗಳ ಪೈಕಿ ಕಾಶಿ ವಿಶ್ವನಾಥ ದೇವಾಲಯ ದೊಡ್ಡದು. ಎದುರಿಗೆ ಎರಡು ಎತ್ತರದ ಕಂಬಗಳನ್ನುಳ್ಳ ಈ ಗುಡಿ ಗರ್ಭಗೃಹ ಮತ್ತು ಮುಖಮಂಟಪಗಳಿಂದ ಕೂಡಿದ ಸರಳ ಕಟ್ಟಡವಾಗಿದ್ದು, ಹೊರಗೋಡೆಯಲ್ಲಿ ಪ್ರಾಣಿ ಪಕ್ಷಿಗಳ ಉಬ್ಬುಶಿಲ್ಪಗಳಿವೆ. ಇಕ್ಕೇರಿಯ ಅಘೋರೇಶ್ವರದ ಕಸುಬುದಾರಿಕೆಯನ್ನು ಇಲ್ಲಿ ಹುಡುಕಬಾರದು. ನೆತ್ತಿಯಲ್ಲಿ ಶ್ರೀಕಂಠೇಶ್ವರನ ಸಣ್ಣ ಗುಡಿ, ಬೇರೆಡೆ ಲಕ್ಷ್ಮೀನಾರಾಯಣನ ಗುಡಿ ಇವೆ. ಅರಸರು ವೀರಶೈವರಾಗಿದ್ದರೂ ವೈಷ್ಣವ ಗುಡಿಗೂ, ಶೃಂಗೇರಿಯ ಶಾಖಾಮಠಕ್ಕೂ ಇದೇ ಬೆಟ್ಟದ ಆಸುಪಾಸಿನಲ್ಲಿ ಜಾಗ ದೊರೆತದ್ದು ಕೆಳದಿಯ ಆಡಳಿತ ನೀತಿಗೆ ತಕ್ಕಂತೆಯೇ ಇದೆ. ಎಲ್ಲಕ್ಕಿಂತ ಹೆಚ್ಚು ಕಾಲ ಬಾಳಿದ್ದು ವೆಂಕಟಪ್ಪ ನಾಯಕನ ಆಶ್ರಯ ಪಡೆದ ಮಹತ್ತಿನ ಮಠ. ವಿರಕ್ತ ಪರಂಪರೆಯ ಜಂಗಮರಿಗೆ ನೆಲೆಯೂ ದಾಸೋಹದ ವ್ಯವಸ್ಥೆಯೂ ಇದ್ದ ಇಂಥ ಮಠಗಳನ್ನು ಕೆಳದಿ ಅರಸರು ಆನಂದಪುರ ಮುಂತಾದ ಹಲವು ಕಡೆ ಕಟ್ಟಿಸಿ, ಅವುಗಳ ಖರ್ಚಿಗೆ ಗದ್ದೆ ತೋಟಗಳನ್ನು ಉಂಬಳಿಯಾಗಿ, ಎಂದರೆ ಕಂದಾಯದ ವಿನಾಯಿತಿಯೊಡನೆ, ಬಿಟ್ಟುಕೊಟ್ಟಿದ್ದರು.

ಕೋಟೆಯ ಮೊದಲ ದೊಡ್ಡ ಪರೀಕ್ಷೆ ವೆಂಕಟಪ್ಪನ ಮೊಮ್ಮಗ ವೀರಭದ್ರ ನಾಯಕನ ಕಾಲದಲ್ಲಿ ಬಂದಿತು. ಬಸವಾಪಟ್ಟಣದ ಕೆಂಗೆ ಹನುಮ ನಾಯಕ ನೆರೆಯ ವೈರದಿಂದ ಬಿಜಾಪುರದ ಸೈನ್ಯಕ್ಕೆ ದಾರಿ ತೋರಿಸಿದಾಗ, ರಣದುಲ್ಲಾ ಖಾನನ ನಾಯಕತ್ವದ ದಂಡು 1637ರ ಹೊತ್ತಿಗೆ ಇಕ್ಕೇರಿಯನ್ನು ಹಿಡಿದು ಸೂರೆ ಮಾಡಿತು. ವೀರಭದ್ರ ನಾಯಕ ರಾಜಧಾನಿಗಾಗಿ ಹೋರಾಡಿ ಸಾಯುವ ಬದಲು ಭುವನಗಿರಿಗೆ ಸರಿದು, ಅಲ್ಲಿಂದ ಸಂಧಾನ ನಡೆಸಿ, ಭಾರಿ ಮೊತ್ತದ ಹೊನ್ನನ್ನು ಕಪ್ಪವಾಗಿ ಒಪ್ಪಿಕೊಂಡು ರಾಜ್ಯವನ್ನು ಉಳಿಸಿಕೊಂಡನು. ಆಸ್ಥಾನ ಕವಿಗಳಿಗೆ ಇದು ಹಾಡಿ ಹೊಗಳುವ ಸಂಗತಿಯಾಗಿರಲಾರದು. ಆದರೆ ರಾಜಧಾನಿ ಬಿದ್ದರೂ ಅರಸನೂ ಖಜಾನೆಯೂ ಕೈಗೆ ಸಿಗದಿದ್ದರೆ ಗೆದ್ದವನು ಮಾತುಕತೆಗೆ ಇಳಿಯಲೇಬೇಕಾಗುತ್ತದೆ ಎಂಬ ಲೆಕ್ಕಾಚಾರದ ಮೇಲೆಯೇ ಈ ಕೋಟೆ ಕಟ್ಟಲ್ಪಟ್ಟದ್ದು, ಆ ಲೆಕ್ಕ ತಪ್ಪಲಿಲ್ಲ. ಇಕ್ಕೇರಿ ಬಯಲಿನ ಸೈನ್ಯಗಳಿಗೆ ತೀರ ಸುಲಭವಾಗಿ ಸಿಗುವ ಜಾಗವೆಂಬುದು ಮನದಟ್ಟಾದ ಮೇಲೆ ರಾಜಧಾನಿ ಕೆಲವೇ ವರ್ಷಗಳಲ್ಲಿ ಕಾಡಿನ ಒಳಗಿನ ಬಿದನೂರಿಗೆ, ಇಂದಿನ ನಗರಕ್ಕೆ, ಸಾಗಿತು. ಬಿದನೂರಿಗೂ ಭುವನಗಿರಿಗೂ ನಡುವಿನ ಅಂತರ ಒಂದು ದಿನದ ನಡಿಗೆಗಿಂತ ಹೆಚ್ಚಲ್ಲ. ಈ ಸಾಮೀಪ್ಯ ಆಕಸ್ಮಿಕವಾದದ್ದೆಂದು ನಂಬುವುದು ಕಷ್ಟ.

ಶಿವಪ್ಪ ನಾಯಕನ ಆಳ್ವಿಕೆಯಲ್ಲಿ, 1645ರಿಂದ 1660ರವರೆಗೆ, ಭುವನಗಿರಿಗೆ ಕೆಲಸವೇ ಇರಲಿಲ್ಲ. ಕರಾವಳಿಯಲ್ಲಿ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡು, ಭೂಮಿಯ ಇಳುವರಿಯನ್ನು ಪರೀಕ್ಷಿಸಿ ಕಂದಾಯ ಗೊತ್ತುಪಡಿಸುವ ಪ್ರಸಿದ್ಧ ಶಿಸ್ತನ್ನು ಜಾರಿಗೆ ತಂದ ಆ ಅರಸನಿಗೆ ಅಡಗುದಾಣ ಬೇಕಾಗಲಿಲ್ಲ. ಅವನ ಮಗ ಸೋಮಶೇಖರ ನಾಯಕನ ಕೊಲೆಯಾಗಿ ರಾಜ್ಯ ಗೊಂದಲಕ್ಕೆ ಬಿದ್ದಾಗ ಬೆಟ್ಟ ಮತ್ತೆ ಮುಖ್ಯವಾಯಿತು. ಲಿಂಗಣ್ಣ ಕವಿಯ ಕೆಳದಿನೃಪವಿಜಯವೆಂಬ ಚಂಪೂ ಕೃತಿಯ ಪರಂಪರೆಯಂತೆ, ವಿಧವೆ ರಾಣಿ ಚೆನ್ನಮ್ಮಾಜಿ ಬಿಜಾಪುರದ ಸೈನ್ಯ ಹತ್ತಿರವಾಗುತ್ತಿದ್ದಂತೆ ಬಿದನೂರಿನ ಧನಕನಕಗಳನ್ನು ಭುವನಗಿರಿಗೆ ಸಾಗಿಸಿ, ಅಲ್ಲಿಯೇ 1670ರ ದಶಕದ ಆರಂಭದಲ್ಲಿ ಪಟ್ಟವೇರಿದಳು. ಬರಿದಾದ ಅರಮನೆಯನ್ನು ಹಿಡಿದ ಶತ್ರುಸೈನ್ಯ ಕಾಡುದಾರಿಯಲ್ಲಿ ಸಿಕ್ಕಿ ಪೆಟ್ಟು ತಿಂದಿತೆಂದು ಪರಂಪರೆ ಹೇಳುತ್ತದೆ. ರಾಯಗಡದಿಂದ ಜಿಂಜಿಗೆ ತಪ್ಪಿಸಿಕೊಂಡು ಹೋಗುತ್ತಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟು ಔರಂಗಜೇಬನ ಸಿಟ್ಟಿಗೆ ಗುರಿಯಾದಾಗಲೂ ಆಕೆಯ ಬೆನ್ನಿಗಿದ್ದುದು ಇದೇ ದುರ್ಗ. ಚೆನ್ನಮ್ಮನ ಶೌರ್ಯವನ್ನು ಕೊಂಡಾಡುವ ಬರಹಗಳು ರಾಜಾರಾಮನ ಪ್ರಸಂಗವನ್ನು ವಿಸ್ತಾರವಾಗಿ ಹೇಳಿ ಭುವನಗಿರಿಯನ್ನು ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆ; ಶರಣಾಗತನನ್ನು ಬಿಟ್ಟುಕೊಡುವುದಿಲ್ಲವೆಂದು ಹೇಳುವ ಧೈರ್ಯಕ್ಕೆ ಹಿಂದೆ ಸರಿಯಲು ಒಂದು ಭದ್ರ ಜಾಗವೂ ಬೇಕು.

1763ರಲ್ಲಿ ಈ ಏರ್ಪಾಡು ಮೊದಲ ಬಾರಿಗೆ ವಿಫಲವಾಯಿತು. ಆಗ ರಾಣಿ ವೀರಮ್ಮಾಜಿ ಆಳುತ್ತಿದ್ದಳು. ಸಿಂಹಾಸನದ ಹಕ್ಕುದಾರನೆಂದು ಹೇಳಿಕೊಂಡ ತರುಣನೊಬ್ಬನನ್ನು ಮುಂದಿಟ್ಟುಕೊಂಡು ಹೊರಟ ಹೈದರಾಲಿಗೆ ಕುಂಸಿಯ ಸೆರೆಯಲ್ಲಿದ್ದ ಬಿದನೂರಿನ ಮಾಜಿ ಮಂತ್ರಿ ಲಿಂಗಣ್ಣನೆಂಬವನು ಸಿಕ್ಕಿ, ಉಕ್ಕಡಗಳನ್ನು ತಪ್ಪಿಸುವ ಒಳದಾರಿಯನ್ನು ತೋರಿಸಿದನೆಂದು ಮೈಸೂರಿನ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಕಾಡೇ ಗೋಡೆಯಾಗಿದ್ದ ರಾಜ್ಯದಲ್ಲಿ ಕಾಡನ್ನು ಬಲ್ಲವನೊಬ್ಬ ಎದುರುಪಕ್ಷ ಸೇರಿದರೆ ಸಾಕಾಗಿತ್ತು. ರಾಣಿ ಅರಮನೆಗೆ ಬೆಂಕಿ ಇಡಿಸಿ ದಕ್ಷಿಣದ ಬಲ್ಲಾಳರಾಯನ ದುರ್ಗದ ಕಡೆಗೆ ತಪ್ಪಿಸಿಕೊಂಡರೂ ಸೆರೆಸಿಕ್ಕು ಮಧುಗಿರಿಯ ಕೋಟೆ ಸೇರಿದಳು. ವ್ಯಾಪಾರದಿಂದ ಸಮೃದ್ಧವಾದ ಬಿದನೂರಿನಲ್ಲಿ ಕೂಡಿಟ್ಟ ಸಂಪತ್ತು ಬೆಟ್ಟಕ್ಕೆ ಸಾಗುವಷ್ಟು ಸಮಯ ಈ ಸಲ ಇರಲಿಲ್ಲ, ಅದು ಹೈದರನ ಪಾಲಾಗಿ ಮುಂದಿನ ಅವನ ಏಳಿಗೆಗೆ ಬಂಡವಾಳವಾಯಿತು. ಅರಸೂ ಖಜಾನೆಯೂ ಎರಡೂ ಕೈತಪ್ಪಿದ ಮೇಲೆ ಭುವನಗಿರಿಯ ಗೋಡೆಗಳು ಗಟ್ಟಿಯಾಗಿದ್ದುದರಿಂದ ಏನೂ ಪ್ರಯೋಜನವಾಗಲಿಲ್ಲ.

ಮೈಸೂರಿನ ಕೈಗೆ ಬಂದ ಮೇಲೆ ಕೋಟೆಗೆ ಕಾವಲಿನ ಠಾಣೆಯಾಗಿ ಮಾತ್ರ ಬೆಲೆ ಉಳಿಯಿತು. 1783ರಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೈನ್ಯ ಕರಾವಳಿಯಿಂದ ಘಟ್ಟ ಹತ್ತಿ ಬಂದು ನಗರವನ್ನು ಹಿಡಿದಾಗ, ಅದೇ ವರ್ಷ ಟಿಪ್ಪು ಅದನ್ನು ಮರಳಿ ಪಡೆದಾಗ ಹೋರಾಟದ ಕೇಂದ್ರವಾಗಿದ್ದುದು ನಗರ. ಬೆಟ್ಟ ಆ ಯುದ್ಧದ ಅಂಚಿನಲ್ಲಿತ್ತು. 1799ರ ನಂತರ ಬಯಲಿನ ಪೇಟೆಗಳೂ ಬಂಡಿದಾರಿಗಳೂ ಬೆಳೆದಂತೆ, ಬೆಟ್ಟದ ಮೇಲೆ ಬದುಕುವುದಕ್ಕೆ ಯಾರಿಗೂ ಕಾರಣ ಉಳಿಯಲಿಲ್ಲ. ಆಡಳಿತದಲ್ಲಿ ಹೆಸರು ಮಾತ್ರ ಇನ್ನೂ ಕೆಲವು ದಶಕ ನಡೆಯಿತು. 19ನೇ ಶತಮಾನದಲ್ಲಿ ಇಂದಿನ ತೀರ್ಥಹಳ್ಳಿ ತಾಲ್ಲೂಕಿಗೆ ಕವಲೇದುರ್ಗ ತಾಲ್ಲೂಕೆಂದೇ ಹೆಸರಿತ್ತು, ಕಚೇರಿ ಮಾತ್ರ ತುಂಗೆಯ ದಡದ ತೀರ್ಥಹಳ್ಳಿಯಲ್ಲಿ. ಶತಮಾನದ ಕೊನೆಯ ದಶಕಗಳಲ್ಲಿ ಆ ಹೆಸರೂ ಬದಲಾಯಿತು. ಅಷ್ಟರಲ್ಲಿ ಅರಮನೆಯ ಅಂಗಳದಲ್ಲಿ ಮರಗಳು ಬೆಳೆದು, ಬೇರುಗಳು ಗೋಡೆಯ ಸಂದಿಗಳಿಗೆ ಇಳಿದು, ಒಂದು ಕಾಲದಲ್ಲಿ ಗೋಡೆಯ ಹೊರಗೆ ಕಾವಲಿಗಿದ್ದ ಕಾನು ಗೋಡೆಯ ಒಳಗನ್ನೂ ಆಕ್ರಮಿಸಿತ್ತು.

ಕೋಟೆಯ ಇತಿಹಾಸ ಬರೆಯುವವರಿಗೆ ಬೆಟ್ಟದ ಕಲ್ಲುಗಳಿಗಿಂತ ಹೆಚ್ಚಿನ ಸಾಮಗ್ರಿ ಒದಗಿಸಿದ್ದು ಮಠ ಕಾಪಾಡಿಕೊಂಡು ಬಂದ ತಾಮ್ರಶಾಸನಗಳು. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 8ನೇ ಸಂಪುಟ 1904ರಲ್ಲಿ ಪ್ರಕಟವಾದಾಗ ತೀರ್ಥಹಳ್ಳಿ ತಾಲ್ಲೂಕಿನ ಭಾಗದಲ್ಲಿ ಇಂಥ ಶಾಸನಗಳು ಸೇರಿದವು. ಯಾವ ಗದ್ದೆಯ ಯಾವ ಮೇರೆ, ಎಷ್ಟು ಹುಟ್ಟುವಳಿ, ಯಾರಿಗೆ ಯಾವ ವಿನಾಯಿತಿ ಎಂಬ ಒಣ ವಿವರಗಳಿಂದ ತುಂಬಿದ ಈ ಪಾಠಗಳನ್ನು ರಾಜರ ಕಾಲನಿರ್ಣಯಕ್ಕಾಗಿ ಸಾಕಷ್ಟು ಬಳಸಿಕೊಳ್ಳಲಾಗಿದೆ. ಬೆಟ್ಟದ ಮೇಲಿನ ಊರಿಗೆ ಅಕ್ಕಿ, ಅಡಿಕೆ, ಎಣ್ಣೆಗಳು ಯಾವ ಹಳ್ಳಿಗಳಿಂದ ಬರುತ್ತಿದ್ದವೆಂದು ತಿಳಿಯಲು, ಹಳೆಯ ದಾರಿಗಳನ್ನೂ ಉಕ್ಕಡಗಳನ್ನೂ ನೆಲದ ಮೇಲೆ ಗುರುತಿಸಲು ಅವುಗಳನ್ನೇ ಮತ್ತೊಮ್ಮೆ ಓದಬೇಕಾಗಿದೆ. ನೆತ್ತಿಯ ಮೇಲೆ ನಿಂತರೆ ಪಶ್ಚಿಮಕ್ಕೆ ಕಾಣುವ ವಾರಾಹಿ ಯೋಜನೆಯ ಹಿನ್ನೀರು ಈಗಾಗಲೇ ಕಣಿವೆಗಳನ್ನು ಮುಳುಗಿಸಿದೆ. ಉಳಿದ ದಾರಿಗಳ ನೆನಪು ಬುಡದ ಹಳ್ಳಿಗಳ ಹಿರಿಯರಲ್ಲಿ ಇರುವಾಗಲೇ ಆ ಕೆಲಸ ನಡೆಯುವುದು ಒಳ್ಳೆಯದು.